ಹೋಂ ಡೆಲಿವರಿ ತರಿಸೋ ನನ್ನ ವಯಸ್ಸಿನೋರೇ, ಬದಲಿ ಸಾಮಾನಿಗೆ ಒಪ್ಪಿಗೆ ಅನ್ನೋ ಆ ಒಂದು ಟಿಕ್ ನೋಡ್ಕೊಳ್ಳಿ. ನಾನು ನೋಡ್ಲಿಲ್ಲ

ಬರೀಲೋ ಬೇಡ್ವೋ ಅಂತ ನಾಲ್ಕು ದಿನ ಒದ್ದಾಡಿದೀನಿ. ನಾಚಿಕೆ ಆಗುತ್ತೆ. 31 ವರ್ಷ ಸ್ಕೂಲಲ್ಲಿ ಲೆಕ್ಕ ಹೇಳಿಕೊಟ್ಟೋಳು ನಾನು, ಪ್ರಶ್ನೆ ಪೂರ್ತಿ ಓದಿ ಆಮೇಲೆ ಉತ್ತರ ಬರೀರೋ ಅಂತ ಮಕ್ಕಳಿಗೆ ದಿನಾ ಬೈತಿದ್ದೋಳು, ಈಗ 69ನೇ ವಯಸ್ಸಲ್ಲಿ ಒಂದು ಉಪ್ಪಿನ ಪ್ಯಾಕೆಟ್ ಓದ್ದೇ ಡಬ್ಬಕ್ಕೆ ಸುರ್ಕೊಂಡು ಒಂಬತ್ತು ದಿನ ಅಡುಗೆ ಮಾಡಿ ಯಜಮಾನ್ರಿಗೆ ಬಡಿಸಿದೀನಿ. ಅವ್ರಿಗೆ ಕಿಡ್ನಿ ವೀಕ್. ಅದಕ್ಕೇ ಇಷ್ಟು ಉದ್ದ ಬರೀತಿರೋದು, ಬೇಜಾರು ಮಾಡ್ಕೋಬೇಡಿ.

ಮೊದ್ಲಿಂದ ಹೇಳ್ತೀನಿ. ನಂಗೆ ಎರಡೂ ಮಂಡಿ ನೋವು, ಇವ್ರಿಗೆ 74, ಭಾರ ಎತ್ತೋ ಹಾಗಿಲ್ಲ. ಮಗಳು ಬಂದಾಗ ಫೋನಲ್ಲಿ ಸೂಪರ್‌ಮಾರ್ಕೆಟ್ ಆ್ಯಪ್ ಹಾಕಿ ಕಲಿಸಿಕೊಟ್ಟು ಹೋದ್ಲು. ಎಂಟು ತಿಂಗಳು ಚೆನ್ನಾಗೇ ನಡೀತು, ಸುಳ್ಳು ಹೇಳಲ್ಲ. ಮೆಟ್ಟಿಲು ಇಳಿಯೋದು ತಪ್ತು, ಚೀಲ ಹೊರೋದು ತಪ್ತು. ಅಕ್ಕಪಕ್ಕದೋರಿಗೆಲ್ಲ ನಾನೇ ಹೇಳಿ ಹಾಕಿಸಿದೆ, ಈಗ ಅವ್ರ ಮುಖ ನೋಡೋಕಾಗ್ತಿಲ್ಲ.

ಆವತ್ತು ಮಂಗಳವಾರ. ಹನ್ನೊಂದು ಐಟಂ ಹಾಕಿದ್ದೆ, 10ರಿಂದ 12ರ ಸ್ಲಾಟ್. 12 ಆಯ್ತು, 1 ಆಯ್ತು, ಬರ್ಲಿಲ್ಲ. ಆ್ಯಪಲ್ಲಿ ನೋಡಿದ್ರೆ "ನಿಮ್ಮ ಆರ್ಡರ್ ದಾರಿಯಲ್ಲಿದೆ" ಅಂತ ಗಾಡಿ ಚಿತ್ರ ಓಡ್ತಾನೇ ಇದೆ. ಹುಡುಗ ಬಂದಿದ್ದು 2:40ಕ್ಕೆ. ಪಾಪ ಅವನ ತಪ್ಪಲ್ಲ ಬಿಡಿ, ಬೆವ್ರು ಸುರೀತಿತ್ತು, ಫೋನ್ ಒಂದೇ ಸಮ ಹೊಡ್ಕೊಳ್ತಿತ್ತು. ಚೀಲ ಇಳಿಸೋಕೆ ಮುಂಚೆನೇ "ಅಮ್ಮಾ ಓಟಿಪಿ ಹೇಳಿ ಬೇಗ" ಅಂದ. ನಾನು ಕೋಲೆಬಸವನ ಹಾಗೆ ತಲೆ ಆಡಿಸಿ ಹೇಳ್ಬಿಟ್ಟೆ. ಇದು ಮೊದಲ್ನೇ ತಪ್ಪು. ಓಟಿಪಿ ಹೇಳಿದ್ರೆ ಸಾಮಾನೆಲ್ಲ ನೋಡಿದೀನಿ, ಸರಿ ಇದೆ, ತಗೊಂಡಿದೀನಿ ಅಂತ ಅರ್ಥ ಆಗುತ್ತಂತೆ ಅವ್ರ ಲೆಕ್ಕದಲ್ಲಿ. ನಾನು ಏನಂದ್ಕೊಂಡಿದ್ದೆ ಅಂದ್ರೆ, ಇದು ನಮ್ಮನೇನೇ ಹೌದಾ ಅಂತ ತಿಳ್ಕೊಳ್ಳೋಕೆ ಇರೋ ನಂಬರು ಅಂತ.

ಚೀಲ ಬಿಚ್ಚಿದೆ. 1 ಲೀಟರ್ ಎಣ್ಣೆ ಕೇಳಿದ್ರೆ 5 ಲೀಟರ್ ಕ್ಯಾನ್ ಬಂದಿದೆ, ಅದನ್ನ ಎತ್ತಿ ಬಗ್ಗಿಸೋರ್ಯಾರು? ಹಾಲು ಬೇರೆ ಬ್ರ್ಯಾಂಡು, ಯೂಸ್ ಬೈ ತಾರೀಕು ಮರುದಿನದ್ದು. ಬೆಸ್ಟ್ ಬಿಫೋರ್ ಆದ್ರೆ ರುಚಿ ವಿಷ್ಯ, ಒಂದೆರಡು ದಿನ ದಾಟಿದ್ರೂ ಪರವಾಗಿಲ್ಲ, ಯೂಸ್ ಬೈ ಅಂದ್ರೆ ಆ ದಿನದ್ದೇ ಕೊನೆ. ಫ್ರೋಜನ್ ಬಟಾಣಿ ಮೈನಸ್ 18 ಡಿಗ್ರಿಲಿ ಇರ್ಬೇಕಾದ್ದು, ಮೆತ್ತಗಾಗಿ ನೀರು ಜಿನುಗ್ತಿತ್ತು. ಬೇಗ ಕೆಡೋ ಪದಾರ್ಥ ಫ್ರಿಜ್ಜಿನ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರ್ದು, ಸೆಕೆ ಜಾಸ್ತಿ ಇದ್ರೆ ಒಂದೇ ಗಂಟೆ. 65 ದಾಟಿದೋರಿಗೆ ಹೊಟ್ಟೆ ಕೆಟ್ರೆ ಸುಧಾರಿಸ್ಕೊಳ್ಳೋದು ಸುಲಭ ಅಲ್ಲ. ಬಟಾಣಿ ಎಸೆದೆ, ಹಾಲು ಆವತ್ತೇ ಕಾಯಿಸಿ ಮುಗಿಸಿದೆ, ಎಣ್ಣೆಗೆ ಕಂಪ್ಲೇಂಟ್ ಹಾಕಿದೆ. ಈ ಗಲಾಟೇಲಿ ಉಪ್ಪಿನ ಕಡೆ ಯಾರು ನೋಡ್ತಾರೆ ಹೇಳಿ? ಉಪ್ಪು ಉಪ್ಪೇ ತಾನೆ. ಕನ್ನಡಕ ಟಿವಿ ಮೇಲಿತ್ತು. ಕತ್ತರಿ ತಗೊಂಡೆ, ಕತ್ತರಿಸಿದೆ, ಡಬ್ಬಕ್ಕೆ ಸುರಿದೆ.

ಒಂಬತ್ತು ದಿನ.

ಇವ್ರು ಎರಡ್ಮೂರು ಸಲ ಅಂದ್ರು, "ಏನೇ ಉಪ್ಪು ಕಹಿ ಕಹಿ ಇದೆ" ಅಂತ. ನಾನು ಬಾಯಿ ರುಚಿ ಕೆಟ್ಟಿದೆ ನಿಮ್ದು, ಮಾತ್ರೆ ಎಫೆಕ್ಟು ಅಂತ ಅವ್ರ ಬಾಯೇ ಮುಚ್ಚಿಸಿದೆ. ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೇಲಿ ಸಂಕಟ ಆಗುತ್ತೆ. ಹತ್ತನೇ ದಿನ ಹಳೇ ಪ್ಯಾಕೆಟ್‌ಗಳನ್ನ ಕಸಕ್ಕೆ ಹಾಕ್ತಾ ಇದ್ದೆ, ಅವತ್ತು ಅದೃಷ್ಟಕ್ಕೆ ಕನ್ನಡಕ ಹಾಕಿದ್ದೆ. ಮುಂದುಗಡೆ ಹೃದಯದ ಚಿತ್ರ, "ಕಡಿಮೆ ಸೋಡಿಯಂ" ಅಂತ ದಪ್ಪಕ್ಷರ. ಹಿಂದುಗಡೆ ಇರುವೆ ಸಾಲಿನ ಥರ ಸಣ್ಣಕ್ಷರದಲ್ಲಿ ಪೊಟ್ಯಾಸಿಯಂ ಕ್ಲೋರೈಡ್.

ಪೊಟ್ಯಾಸಿಯಂ ಅನ್ನೋ ಪದ ನಮ್ಮನೇಲಿ ಭೂತದ ಹೆಸರಿದ್ದ ಹಾಗೆ. ಕಿಡ್ನಿ ಡಾಕ್ಟ್ರು ಮೊದಲ್ನೇ ದಿನಾನೇ ಹೇಳಿದ್ರು, ಪೊಟ್ಯಾಸಿಯಂ ಮೇಲೆ ಕಣ್ಣಿಡಿ ಅಂತ. ಸರಿಯಿರೋ ಕಿಡ್ನಿ ಆದ್ರೆ ಹೆಚ್ಚಾಗಿದ್ದನ್ನ ಮೂತ್ರದಲ್ಲಿ ಹೊರಗೆ ಹಾಕುತ್ತೆ, ವೀಕ್ ಆದ್ರೆ ರಕ್ತದಲ್ಲೇ ಉಳಿಯುತ್ತೆ, ಜಾಸ್ತಿ ಆದ್ರೆ ಹೃದಯದ ಬಡಿತಾನೇ ಏರುಪೇರು ಆಗುತ್ತೆ, ಮುಂಚೆ ಏನೂ ಲಕ್ಷಣ ಕಾಣದೇನೂ ಇರಬಹುದು. ಇದರ ಜೊತೆಗೆ ಇವ್ರು ಬಿಪಿಗೆ ಟೆಲ್ಮಿಸಾರ್ಟನ್ ತಗೋತಾರೆ. ಆ ಮಾತ್ರೆ, ಲೊಸಾರ್ಟನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್, ಇವೆಲ್ಲ ಪೊಟ್ಯಾಸಿಯಂ ಏರಿಸಬಹುದು. ನಮ್ಮ ವಯಸ್ಸಲ್ಲಿ ಇದ್ರಲ್ಲಿ ಒಂದಾದ್ರೂ ತಗೊಳ್ಳೋರು ಎಷ್ಟು ಮನೇಲಿದಾರೋ ಲೆಕ್ಕ ಹಾಕಿ. ಅಂಥಾ ಮನೇಗೆ ಉಪ್ಪಿನ ಬದ್ಲು ಇದನ್ನ ಕಳಿಸಿದಾರೆ. ಕೇಳದೇ.

ಆವತ್ತೇ ರಕ್ತ ಕೊಟ್ಟು ಬಂದ್ವಿ. ಪೊಟ್ಯಾಸಿಯಂ ಸಾಮಾನ್ಯವಾಗಿ 3.5ರಿಂದ 5ರ ಆಸುಪಾಸಿರುತ್ತೆ, ಇವ್ರದ್ದು ಎರಡು ತಿಂಗಳ ಹಿಂದೆ 4.8 ಇತ್ತು, ಈಗ 5.7. ಡಾಕ್ಟ್ರು ಪೂರ್ತಿ ಉಪ್ಪಿನ ಮೇಲೇ ಹಾಕೋಕಾಗಲ್ಲ ಅಂದ್ರು, ನ್ಯಾಯವಾಗೇ ಹೇಳಿದ್ರು, ಆದ್ರೆ ಅದನ್ನ ಈ ಕ್ಷಣವೇ ನಿಲ್ಲಿಸಿ ಅಂತಾನೂ ಅಂದ್ರು, ಇಸಿಜಿ ಮಾಡಿಸಿದ್ರು. ಇಸಿಜಿ ಸರಿ ಇತ್ತು. ಆಸ್ಪತ್ರೆ ಬೆಂಚ್ ಮೇಲೆ ಕೂತು ಇವ್ರು ನಗ್ತಾ, "ಉಪ್ಪು ತಿಂದೋನು ನೀರು ಕುಡೀಲೇಬೇಕು ಅಂತಾರೆ, ನಂಗೆ ನೀರೂ ಅಳತೇಲಿ ಕುಡಿ ಅಂದಿದಾರಲ್ಲೇ" ಅಂದ್ರು. ನಂಗೆ ನಗು ಬರ್ಲಿಲ್ಲ.

ಈಗ ಅಸಲಿ ವಿಷ್ಯ, ಅವ್ರ ಉತ್ತರಗಳು. ಮನೇಗೆ ಬಂದು ಚಾಟ್ ತೆಗೆದೆ. ಮೊದ್ಲು ಮೆಷೀನು. ನಾನು ಏನು ಟೈಪ್ ಮಾಡಿದ್ರೂ "ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ, ಐಟಂ ಆಯ್ಕೆ ಮಾಡಿ" ಅನ್ನುತ್ತೆ. ಐಟಂ ಆಯ್ಕೆ ಮಾಡಿದ್ರೆ "ಈ ಐಟಂನ ರಿಟರ್ನ್ ಅವಧಿ 48 ಗಂಟೆ, ಅದು ಮುಗಿದಿದೆ" ಅನ್ನುತ್ತೆ. ಮತ್ತೆ ಟೈಪ್ ಮಾಡಿದ್ರೆ ಮತ್ತೆ ವಿಷಾದ. ಇಪ್ಪತ್ತು ನಿಮಿಷ ಆದ್ಮೇಲೆ ಮನುಷ್ಯ ಸಿಕ್ಕಿದ, ಫೋನ್ ಮಾಡಿದ.

"ಮೇಡಂ, ಸಬ್‌ಸ್ಟಿಟ್ಯೂಟ್ ಕಳಿಸೋಕೆ ನೀವೇ ಪರ್ಮಿಷನ್ ಕೊಟ್ಟಿದೀರಲ್ಲ."

ಯಾವಾಗಪ್ಪಾ ಕೊಟ್ಟೆ ನಾನು?

"ಕಾರ್ಟ್ ಪೇಜಲ್ಲಿ ಟಿಕ್ ಆಗಿದೆ ಮೇಡಂ. ಆಮೇಲೆ 10:55ಕ್ಕೆ ಅಪ್ರೂವಲ್‌ಗೆ ಮೆಸೇಜೂ ಬಂದಿದೆ. ಹತ್ತು ನಿಮಿಷದಲ್ಲಿ ನೀವು ಬೇಡ ಅನ್ಲಿಲ್ಲ. ಸಿಸ್ಟಂ ಒಪ್ಪಿಗೆ ಅಂತ ತಗೊಂಡಿದೆ."

ಇದನ್ನ ಎರಡು ಸಲ ಕೇಳಿಸ್ಕೊಂಡೆ. ನಾನು ಸುಮ್ನಿದ್ದೆ, ಅದಕ್ಕೆ ಒಪ್ಪಿಗೆ. 10:55ಕ್ಕೆ ನಾನು ಸ್ನಾನದ ಮನೇಲಿದ್ದೆ ಕಣಪ್ಪಾ! ಫೋನ್ ತಗೊಂಡು ಸ್ನಾನಕ್ಕೆ ಹೋಗೋ ವಯಸ್ಸಾ ನಂದು? ಆ ಟಿಕ್ಕೂ ನಾನು ಹಾಕಿದ್ದಲ್ಲ. ಅದು ಮೊದ್ಲೇ ಹಾಕಿಕೊಂಡೇ ಬರುತ್ತೆ, ಬೇಡ ಅನ್ನೋರು ಹುಡುಕಿ ತೆಗೀಬೇಕು, ದುಡ್ಡು ಕಟ್ಟೋ ಬಟನ್ನಿಗಿಂತ ಮೇಲೆ, ಬೂದು ಬಣ್ಣದಲ್ಲಿ, ನಮ್ಮ ಕಣ್ಣಿಗೆ ಕಾಣದ ಸೈಜಲ್ಲಿ.

ನಾನು ಕಿಡ್ನಿ ವಿಷ್ಯ ಹೇಳಿದೆ. ಆಗ ಅವನು ಹೇಳಿದ ಮಾತು ಕೇಳಿ:

"ಮೇಡಂ ಅದು ಹೆಲ್ದಿ ಸಾಲ್ಟ್, ಆರೋಗ್ಯಕ್ಕೆ ಒಳ್ಳೇದು. ಮಾಮೂಲಿಗಿಂತ ಕಾಸ್ಟ್ಲಿ ಐಟಂ, ನಿಮಗೆ ಮಾಮೂಲಿ ರೇಟಿಗೇ ಕೊಟ್ಟಿದೀವಿ."

ಅಂದ್ರೆ ನಾನು ಥ್ಯಾಂಕ್ಸ್ ಹೇಳ್ಬೇಕಿತ್ತು! ಆರೋಗ್ಯಕ್ಕೆ ಒಳ್ಳೇದು ಯಾರಿಗೆ? ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಇಂಥ ಉಪ್ಪಿನ ಬಗ್ಗೆ ಮಾರ್ಗಸೂಚಿ ಕೊಟ್ಟಿದೆ, ಮಗಳು ತೆಗೆದು ತೋರಿಸಿದ್ಲು. ಆರೋಗ್ಯವಾಗಿರೋ ದೊಡ್ಡೋರು ಮಾಮೂಲಿ ಉಪ್ಪಿನ ಬದ್ಲು ಬಳಸಬಹುದು ಅಂತ ಇದೆ, ಜೊತೆಗೇ ಕಿಡ್ನಿ ತೊಂದ್ರೆ ಇರೋರು, ಗರ್ಭಿಣಿಯರು, ಮಕ್ಕಳು ಈ ಸಲಹೆಗೆ ಸೇರಲ್ಲ ಅಂತಾನೂ ಸ್ಪಷ್ಟವಾಗಿದೆ. ಇಂಥ ಕೆಲವು ಉಪ್ಪಲ್ಲಿ ಕಾಲು ಭಾಗಕ್ಕೂ ಜಾಸ್ತಿ ಪೊಟ್ಯಾಸಿಯಂ ಕ್ಲೋರೈಡೇ ಇರುತ್ತೆ. ಅಂಗಡೀಲಿ ರ‍್ಯಾಕ್ ಮುಂದೆ ನಿಂತು ಸಾಮಾನು ತುಂಬೋ ಹುಡುಗನಿಗೆ ಇದೆಲ್ಲ ಹೇಗೆ ಗೊತ್ತಾಗ್ಬೇಕು? ಉಪ್ಪು ಖಾಲಿ, ಪಕ್ಕದಲ್ಲಿ ಇನ್ನೊಂದು ಉಪ್ಪಿದೆ, ಹಾಕ್ತಾನೆ. ಅವನ ಮಿಷೀನು ಅದನ್ನೇ ತೋರಿಸುತ್ತೆ. ನಾನೇ ಅಂಗಡಿಗೆ ಹೋಗಿದ್ರೆ ಉಪ್ಪಿಲ್ವಾ ಸರಿ ನಾಳೆ ಬರ್ತೀನಿ ಅಂತ ವಾಪಸ್ ಬರ್ತಿದ್ದೆ.

ನಾನು ಜೋರಾಗಿ ಮಾತಾಡಿದೆ, ಒಪ್ಕೋತೀನಿ. ಆಗ ಅವನು ತುಂಬಾ ಮೆತ್ತಗೆ, ಮಕ್ಕಳಿಗೆ ಹೇಳೋ ಥರ, "ಮೇಡಂ, ಮನೇಲಿ ಯಾರಾದ್ರೂ ಚಿಕ್ಕೋರಿದ್ರೆ ಫೋನ್ ಕೊಡಿ, ಅವ್ರಿಗೆ ಅರ್ಥ ಮಾಡಿಸ್ತೀನಿ" ಅಂದ.

ಉಪ್ಪಿಗಿಂತ ಇದು ಉರೀತು ನಂಗೆ. ಅರ್ಥ ಆಗದೇ ಇರೋದು ಏನಿದೆ ಇದ್ರಲ್ಲಿ? ಆರ್ಡರ್ ಮಾಡುವಾಗ, ದುಡ್ಡು ಕಟ್ಟುವಾಗ ಚಿಕ್ಕೋರು ಬೇಡ, ಕಂಪ್ಲೇಂಟ್ ಮಾಡುವಾಗ ಚಿಕ್ಕೋರು ಬೇಕಾ? ಫೋನ್ ಇಟ್ಬಿಟ್ಟೆ. ಆಮೇಲೆ ಸ್ವಲ್ಪ ಹೊತ್ತು ಅಡುಗೆಮನೇಲಿ ಕೂತು ಅತ್ತೆ, ಅದನ್ನ ಇಲ್ಲಿ ಬರೀತಿರೋದೂ ಮೊದಲ್ನೇ ಸಲ.

ಮಗಳು ಫೋನ್ ಮಾಡಿದಾಗ "ಅಮ್ಮಾ ನಾನು ಅವತ್ತೇ ಹೇಳಿರ್ಲಿಲ್ವಾ ಬಿಲ್ ನೋಡ್ಕೋ ಅಂತ" ಅಂದ್ಲು. ಹೇಳಿದ್ಲೋ ಇಲ್ವೋ ನೆನಪಿಲ್ಲ. ಬಿಲ್ಲಲ್ಲಿ ಕೊನೇ ಸಾಲಲ್ಲಿ ನಿಜವಾಗ್ಲೂ ಇತ್ತು, "ಬದಲಿ ಐಟಂ 3" ಅಂತ. ಯಾವ ಮೂರು ಅಂತ ನೋಡೋಕೆ ಆ್ಯಪಿಗೇ ಹೋಗ್ಬೇಕು.

ರೀಫಂಡ್ ಕತೆ ಚಿಕ್ಕದು. ಎಣ್ಣೆ ವಾಪಸ್ ತಗೊಂಡ್ರು, ದುಡ್ಡು ಬ್ಯಾಂಕಿಗೆ ಬರ್ಲಿಲ್ಲ, ಅವ್ರ ವ್ಯಾಲೆಟ್ಟಿಗೆ ಹೋಯ್ತು. ಬ್ಯಾಂಕಿಗೇ ಬೇಕು ಅಂದ್ರೆ ರೀಫಂಡ್ ಕೇಳುವಾಗ್ಲೇ ಇನ್ನೊಂದು ಆಪ್ಷನ್ ಒತ್ಬೇಕಿತ್ತಂತೆ, ಅದೂ ಮೊದ್ಲೇ ವ್ಯಾಲೆಟ್ ಮೇಲೆ ಟಿಕ್ ಆಗಿ ಕೂತಿರುತ್ತೆ. ಮತ್ತೆ ಟಿಕ್ಕು! ಉಪ್ಪಿಗೆ ಏನೋ ಪಾಯಿಂಟ್ಸ್ ಕೊಟ್ಟಿದಾರೆ, 14 ದಿನದಲ್ಲಿ ಬಳಸ್ಬೇಕು, ಅದೂ ಮಿನಿಮಂ ಆರ್ಡರ್ ದಾಟಿದ್ರೆ ಮಾತ್ರ. ಅಂದ್ರೆ ಮೋಸ ಹೋದೋರು ಮತ್ತೆ ಅವ್ರತ್ರಾನೇ ಕೊಂಡ್ಕೋಬೇಕು.

ನಮ್ಮಂಥೋರು ಡೆಲಿವರಿ ಬಿಡೋಕಾಗಲ್ಲ, ಗೊತ್ತು. ನಂಗೂ ಬಿಡೋಕಾಗಲ್ಲ, ಮಂಡಿ ಕೇಳಲ್ಲ. ಆದ್ರೆ ಸಬ್‌ಸ್ಟಿಟ್ಯೂಟ್ ಟಿಕ್ ತೆಗೀರಿ, ಕಾರ್ಟಲ್ಲೂ ತೆಗೀರಿ, ಅಕೌಂಟ್ ಸೆಟ್ಟಿಂಗಲ್ಲೂ ಇನ್ನೊಂದಿರುತ್ತೆ, ಅಲ್ಲೂ ತೆಗೀರಿ. ಚೀಲ ಬಿಚ್ಚಿ ಬಿಲ್ ಜೊತೆ ಹೋಲಿಸೋ ತನಕ ಓಟಿಪಿ ಹೇಳ್ಬೇಡಿ, ಹುಡುಗ ಗೊಣಗಿದ್ರೆ ಗೊಣಗ್ಲಿ, ಒಂದು ಲೋಟ ನೀರು ಕೊಟ್ಟು ನಿಲ್ಲಿಸ್ಕೊಳ್ಳಿ. ಉಪ್ಪು, ಜ್ಯೂಸು, ಸಕ್ಕರೆ ಬದಲಿ ಪುಡಿ, ಇಂಥದ್ದು ಬೇರೆ ಬ್ರ್ಯಾಂಡ್ ಬಂದ್ರೆ ಕನ್ನಡಕ ಹಾಕಿ ಹಿಂದುಗಡೆ ಓದಿ, ಹೃದಯದ ಚಿತ್ರ ನಂಬ್ಬೇಡಿ. ಡಬ್ಬಕ್ಕೆ ಸುರಿದ ಮೇಲೂ ಪ್ಯಾಕೆಟ್ ಎಸೀಬೇಡಿ. ನಾನು ಎಸೆದಿದ್ರೆ ಇವತ್ತಿಗೂ ಗೊತ್ತಾಗ್ತಿರ್ಲಿಲ್ಲ. ಯಾರಾದ್ರೂ ಇಂಥ ಉಪ್ಪು ಆಗ್ಲೇ ತಿಂದಿದ್ರೆ, ಕಿಡ್ನಿ ತೊಂದ್ರೆ ಅಥವಾ ಬಿಪಿ ಮಾತ್ರೆ ಇದ್ರೆ, ನಾಚಿಕೆ ಬಿಟ್ಟು ಡಾಕ್ಟ್ರಿಗೆ ಹೇಳಿ ರಕ್ತ ಕೊಟ್ಟು ಬನ್ನಿ.

ಇವ್ರದ್ದು ಮೊನ್ನೆ ಮತ್ತೆ ನೋಡಿದ್ರು, 4.9ಕ್ಕೆ ಇಳಿದಿದೆ. ಡಬ್ಬದಲ್ಲಿ ಉಳಿದ ಉಪ್ಪನ್ನ ಸಿಂಕ್ ತೊಳೆಯೋಕೆ ಬಳಸ್ತಿದೀನಿ.

ಮಗಳು ಬಂದು ನನ್ನ ಫೋನಲ್ಲಿ ಎರಡೂ ಕಡೆ ಟಿಕ್ ತೆಗೆದು ಹೋಗಿದ್ಲು. ನಿನ್ನೆ ರಾತ್ರಿ ಆ್ಯಪ್ ತಾನಾಗೇ ಅಪ್‌ಡೇಟ್ ಆಯ್ತು. ಯಾಕೋ ಅನುಮಾನ ಬಂದು ಇವತ್ತು ಬೆಳಿಗ್ಗೆ ಕನ್ನಡಕ ಹಾಕ್ಕೊಂಡು ತೆಗೆದು ನೋಡಿದೆ. ಸೆಟ್ಟಿಂಗಲ್ಲಿ ಇಲ್ಲ. ಕಾರ್ಟಲ್ಲಿ ಮತ್ತೆ ಬಂದು ಕೂತಿದೆ.