ಸೆಕೆಂಡ್ ಹ್ಯಾಂಡ್ 200-500 ಲೆನ್ಸ್ ಹುಡುಕಾಟ: ಜಾಹೀರಾತು ಆಪ್‌ಗೆ ಎರಡೂವರೆ ಸ್ಟಾರ್

ಹಕ್ಕಿ ಫೋಟೊ ಹುಚ್ಚಿರುವವರಿಗೆ ನಿಕಾನ್ 200-500 ಲೆನ್ಸ್ ಬಗ್ಗೆ ಹೇಳಬೇಕಾಗಿಲ್ಲ. 2015ರಲ್ಲಿ ಬಂದದ್ದು. 500 ಎಂಎಂವರೆಗೆ ಜೂಮ್ ಮಾಡಿದರೂ ಅಪರ್ಚರ್, ಅಂದರೆ ಬೆಳಕು ಒಳಬಿಡುವ ಕಿಂಡಿ, ಎಫ್/5.6ರಷ್ಟು ತೆರೆಯುತ್ತೆ. ತೂಕ 2.3 ಕೆಜಿ, ಸಂಜೆ ಹೊತ್ತಿಗೆ ಹೆಗಲು ಬಿದ್ದು ಹೋಗುತ್ತೆ, ಅದು ಬೇರೆ ಮಾತು. ಹೊಸದು ಕೊಳ್ಳೋದು ಹೈಸ್ಕೂಲ್ ಟೀಚರ್ ಸಂಬಳದಲ್ಲಿ ಆಗುವ ಕೆಲಸವಲ್ಲ. 2023ರಲ್ಲಿ ನಿಕಾನ್ ತನ್ನ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ ಹೊಸ ಬಗೆಯ) ಕ್ಯಾಮೆರಾಗಳಿಗೆ 180-600 ಲೆನ್ಸ್ ತಂದಿತು. ಆಮೇಲೆ ಸುಮಾರು ಜನ ಅತ್ತ ಹೋಗಿ ಹಳೆಯದನ್ನು ಮಾರಲು ಹಾಕಿದರು. ಇದೇ ಸಮಯ ಅಂತ ನಾನೂ ಹಳೇ ಸಾಮಾನಿನ ಜಾಹೀರಾತು ಆಪ್ ಒಂದನ್ನು ಫೋನಿಗೆ ಹಾಕಿಕೊಂಡೆ. ಹೆಸರು ಹೇಳಲ್ಲ. ಇಂಥವು ನಾಲ್ಕಾರಿವೆ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಮಾಲು ಸಿಗುತ್ತದೆ. ಮೈಸೂರು, ಮಂಡ್ಯ ಅಂತ ಊರು ಹಾಕಿ ಹುಡುಕಬಹುದು. ನಡುವೆ ಅಂಗಡಿಯವರಿಲ್ಲ, ಬೆಲೆಯೂ ಕಮ್ಮಿ. ನಾನು ನೋಡುತ್ತಿದ್ದಾಗ ಚೆನ್ನಾಗಿರುವ ಲೆನ್ಸ್‌ಗೆ 55ರಿಂದ 65 ಸಾವಿರ ಕೇಳುತ್ತಿದ್ದರು.

ಅವುಗಳ ಮಧ್ಯೆ ಒಂದು 24 ಸಾವಿರಕ್ಕೆ ಕೂತಿತ್ತು. ‘ಅರ್ಜೆಂಟ್ ಸೇಲ್, ಟ್ರಾನ್ಸ್‌ಫರ್ ಆಗಿದೆ.’ ಊರು ಯಲಹಂಕ. ಫೋಟೊ ದೊಡ್ಡದು ಮಾಡಿ ನೋಡಿದೆ. ಲೆನ್ಸ್ ಫಳಫಳ, ಕೆಳಗಿನ ಮೇಜೂ ಫಳಫಳ. ಹಿಂದೆ ಗೋಡೆಯಲ್ಲಿ ಒಂದು ಪ್ಲಗ್ ಪಾಯಿಂಟ್. ಎರಡು ಉದ್ದನೆ ಸೀಳು, ಕೆಳಗೊಂದು ತೂತು. ಅಮೆರಿಕದ್ದು! ಯಲಹಂಕದ ಮನೆ ಅಂದಮೇಲೆ ನಮ್ಮ ಮೂರು ಗುಂಡು ತೂತಿನ ಪಾಯಿಂಟ್ ಇರಬೇಕಲ್ವಾ? ಫೋಟೊ ಹಿಡಿದು ಹುಡುಕುವ ಗೂಗಲ್ ಲೆನ್ಸ್‌ಗೆ ಕೊಟ್ಟೆ. ಅದೇ ಫೋಟೊ ಯಾವುದೋ ವಿದೇಶಿ ಮಾರಾಟದ ಪುಟದಲ್ಲಿತ್ತು.

ಆದರೂ ಸುಮ್ನೆ ಮಾತಾಡಿಸಿದೆ. ಆಪ್ ಬಿಟ್ಟು ವಾಟ್ಸಾಪ್‌ಗೆ ಬನ್ನಿ ಅಂದ. ‘ಜೈ ಹಿಂದ್ ಮೇಡಂ’ ಅಂತಲೇ ಶುರು. ಏರ್‌ಪೋರ್ಟ್ ಸೆಕ್ಯೂರಿಟಿಯಲ್ಲಿದ್ದಾನಂತೆ, ಜಮ್ಮುಗೆ ವರ್ಗವಾಗಿದೆಯಂತೆ. ಕೇಳುವ ಮೊದಲೇ ಐಡಿ ಕಾರ್ಡ್, ಆಧಾರ್, ಕ್ಯಾಂಟೀನ್ ಕಾರ್ಡ್, ಯೂನಿಫಾರ್ಮ್ ಹಾಕಿ ನಿಂತ ಫೋಟೊ ಎಲ್ಲ ಬಂತು. ಸೈನಿಕರ ಹೆಸರಲ್ಲಿ ದೇಶದ ಉದ್ದಗಲಕ್ಕೂ ನಡೆಯುತ್ತಿರುವ ಹಳೇ ಆಟ ಇದು. ಆ ಕಾರ್ಡು ಯಾರೋ ನಿಜವಾದ ಜವಾನನದ್ದೇ ಇರಬಹುದು, ಪಾಪ, ಅವನಿಗೆ ಸುದ್ದಿಯೇ ಇರುವುದಿಲ್ಲ. ಕೇಳದೆ ಆಧಾರ್ ಕಳಿಸಿದರು ಅಂದರೆ ನನಗೆ ಅಲ್ಲೇ ಅನುಮಾನ. ನಿಜವಾಗಿ ಮಾರುವವರಿಗೆ ನಮ್ಮ ಮೇಲೇ ನಂಬಿಕೆ ಇರುವುದಿಲ್ಲ, ಆಧಾರ್ ಎಲ್ಲಿಂದ ಕೊಡುತ್ತಾರೆ?

‘ಯಾವ ಕ್ಯಾಮೆರಾಗೆ ಹಾಕ್ತಿದ್ರಿ ಸರ್?’ ಅಂತ ಕೇಳಿದೆ.

‘ಡಿ90 ಮೇಡಂ. ಎಫ್/8ನಲ್ಲಿ ಸೂಪರ್ ರಿಸಲ್ಟ್.’

ಸಿಕ್ಕಿಬಿದ್ದ. ಇದು ನಿಕಾನ್‌ನ ‘ಇ’ ಲೆನ್ಸ್. ಹಳೇ ಲೆನ್ಸ್‌ಗಳಲ್ಲಿ ಕ್ಯಾಮೆರಾ ಒಳಗಿನ ಕಡ್ಡಿಯೊಂದು ಅಪರ್ಚರ್ ತಳ್ಳುತ್ತಿತ್ತು. ಇದರಲ್ಲಿ ಆ ಕೆಲಸ ಕರೆಂಟಿನಲ್ಲಿ ನಡೆಯುತ್ತದೆ. ಡಿ90 ಹಳೇ ಕ್ಯಾಮೆರಾ, ಅದಕ್ಕೆ ಆ ಭಾಷೆ ಬರುವುದಿಲ್ಲ. ಅದಕ್ಕೆ ಹಾಕಿದರೆ ಅಪರ್ಚರ್ ಪೂರ್ತಿ ತೆರೆದೇ ಇರುತ್ತೆ, ಕಿಂಡಿ ಕಿರಿದಾಗಬೇಕಾದ ಎಫ್/8 ಸಿಗುವ ಮಾತೇ ಇಲ್ಲ. ಕೊಳ್ಳೋ ಮೊದಲು ಆ ಸಾಮಾನಿನ ಇಂಥ ಒಂದು ಗುಟ್ಟು ತಿಳಿದುಕೊಂಡು ಹೋಗಿ. ಕೈಯಲ್ಲಿ ಲೆನ್ಸ್ ಇದ್ದವರು ತಪ್ಪದೆ ಹೇಳುತ್ತಾರೆ, ಇಲ್ಲದವರು ಕತೆ ಕಟ್ಟುತ್ತಾರೆ.

ಒಂದು ಚೀಟಿಯಲ್ಲಿ ಇವತ್ತಿನ ತಾರೀಕು ಬರೆದು, ಸೀರಿಯಲ್ ನಂಬರ್ ಪಕ್ಕ ಇಟ್ಟು ಫೋಟೊ ಕಳಿಸಿ ಅಂದೆ. ‘ಪ್ಯಾಕ್ ಆಗಿದೆ ಮೇಡಂ.’ ವಿಡಿಯೊ ಕಾಲ್? ‘ಡ್ಯೂಟಿಯಲ್ಲಿ ಪರ್ಮಿಷನ್ ಇಲ್ಲ.’ ಕೊನೆಗೆ ಬಂತು ನೋಡಿ ಅಸಲಿ ವಿಷಯ: 2,150 ರೂಪಾಯಿ ಡೆಲಿವರಿ ಚಾರ್ಜ್ ಮೊದಲು ಹಾಕಿ, ‘ರಿಫಂಡೆಬಲ್’. ಅದನ್ನು ಕಟ್ಟಿದವರಿಗೆ ಮುಂದೆ ಜಿಎಸ್‌ಟಿ, ಅದಾದ ಮೇಲೆ ಇನ್ಶೂರೆನ್ಸ್, ಆಮೇಲೆ ‘ನಿಮ್ಮ ದುಡ್ಡು ಸಿಸ್ಟಂನಲ್ಲಿ ಸಿಕ್ಕಿಕೊಂಡಿದೆ, ಇನ್ನೊಂದು ಸಲ ಹಾಕಿದ್ರೆ ಎರಡೂ ವಾಪಸ್ ಬರುತ್ತೆ’. ನಾನು ಬ್ಲಾಕ್ ಮಾಡಿ ಆಪ್‌ನವರಿಗೆ ರಿಪೋರ್ಟ್ ಮಾಡಿದೆ.

ಜಾಹೀರಾತು ಹೋಯಿತು, ನಿಜ. ಸ್ವಲ್ಪ ದಿನಕ್ಕೆ ಅದೇ ಮೇಜು, ಅದೇ ಪ್ಲಗ್ ಪಾಯಿಂಟ್, ಹೊಸ ಹೆಸರು. ಈ ಸಲ ಊರು ಹುಬ್ಬಳ್ಳಿ. ನಾನು ಒಂದೂವರೆ ಸ್ಟಾರ್ ಕಳೆದದ್ದು ಇದಕ್ಕೆ. ಇನ್ನೊಂದು ಕಳೆದದ್ದು ಹೆಸರಿನ ಪಕ್ಕ ಕೊಡುವ ಟಿಕ್ ಗುರುತಿಗೆ. ಫೋನಿಗೆ ಓಟಿಪಿ ಬಂದರೆ ಸಾಕು, ಟಿಕ್ ಸಿಕ್ಕಿತು. ಅದನ್ನು ನೋಡಿ ನಂಬುವವರ ಗತಿ ಏನು?

ಮಾರಲು ಕೂತರೆ ಇದರ ಉಲ್ಟಾ ಆಟ. ನನ್ನ ಹಳೇ 70-300 ಹಾಕಿದ್ದೆ. ಒಬ್ಬ ಚೌಕಾಸಿಯನ್ನೇ ಮಾಡದೆ ಒಪ್ಪಿಕೊಂಡ (ನಮ್ಮೂರಲ್ಲಿ ಸೊಪ್ಪಿಗೂ ಚೌಕಾಸಿ ಮಾಡುತ್ತಾರೆ, ಲೆನ್ಸ್‌ಗೆ ಮಾಡಲ್ವಾ?). ‘ಕ್ಯೂಆರ್ ಕಳಿಸಿದ್ದೀನಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ಬರುತ್ತೆ’ ಅಂದ. ಯುಪಿಐನಲ್ಲಿ ದುಡ್ಡು ಪಡೆಯೋಕೆ ಸ್ಕ್ಯಾನೂ ಬೇಡ, ಪಿನ್ನೂ ಬೇಡ. ಪಿನ್ ಕೇಳಿತು ಅಂದರೆ ದುಡ್ಡು ನಮ್ಮಿಂದ ಹೋಗುತ್ತಿದೆ ಅಂತಲೇ ಅರ್ಥ. ಹೋಗಿಯೇಬಿಟ್ಟರೆ ನಾಚಿಕೆಪಟ್ಟು ಕೂರಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಖಾತೆಯಿಂದ ಖಾತೆಗೆ ದಾಟಿಬಿಡುವ ಮೊದಲು ತಡೆಹಿಡಿಯಲು ಅವಕಾಶವಿರುತ್ತೆ. ಆಮೇಲೆ ಜಿಲ್ಲೆಯ ಸೈಬರ್ ಕ್ರೈಮ್ ಪೊಲೀಸ್ ಠಾಣೆ.

ನನಗೆ ಲೆನ್ಸ್ ಸಿಕ್ಕಿದ್ದು ಮಂಡ್ಯದ ರಿಟೈರ್ಡ್ ಇಂಜಿನಿಯರ್ ಒಬ್ಬರಿಂದ. ಜಾಹೀರಾತಿನ ಫೋಟೊ ಕೆಟ್ಟದಾಗಿತ್ತು. ಟ್ಯೂಬ್‌ಲೈಟ್ ಬೆಳಕು, ಹೂವಿನ ಬೆಡ್‌ಶೀಟ್. ‘ಹುಡ್ ಒಡೆದಿದೆ’ ಅಂತ ಅವರೇ ಬರೆದಿದ್ದರು (ಲೆನ್ಸ್ ಮುಂದೆ ಸಿಕ್ಕಿಸುವ ಬಿಸಿಲಿನ ಮರೆ). ಚೀಟಿ ಫೋಟೊ ಕೇಳಿದ್ದಕ್ಕೆ, ‘ಯಾಕಮ್ಮ, ನಾನೇನು ಕಳ್ಳನಾ?’ ಅಂತ ರೇಗಿಕೊಂಡೇ ಕಳಿಸಿದರು. ಮಗಳ ಮನೆಗೆ ಮೈಸೂರಿಗೆ ಬರುವವರಿದ್ದರು. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಗೇಟಿನಲ್ಲಿ ಸಿಗೋಣ ಅಂದೆ. ಜನ ಓಡಾಡುವ ಜಾಗ, ಪರೀಕ್ಷೆಗೆ ಪೆಲಿಕನ್‌ಗಳೂ ಇರುತ್ತವೆ.

ದಾಂಡೇಲಿಯಲ್ಲಿ ಮಂಗಟ್ಟೆ ಹಕ್ಕಿ ತೆಗೆದ ಲೆನ್ಸ್ ಅಂತ ಅವರೇ ಹೆಮ್ಮೆಯಿಂದ ಹೇಳಿದ್ದರು. ನನಗೆ ತಲೆಗೆ ಬಂದದ್ದು ಅಲ್ಲಿನ ಮಳೆ. ತೇವದಲ್ಲಿ ಇಟ್ಟ ಲೆನ್ಸ್‌ಗೆ ಫಂಗಸ್ ಹಿಡಿಯುತ್ತೆ. ಎರಡೂ ಕಡೆಯ ಮುಚ್ಚಳ ತೆಗೆದು, ಹಿಂದಿನಿಂದ ಫೋನ್ ಟಾರ್ಚ್ ಹಾಕಿ, ಮುಂದಿನಿಂದ ಓರೆಯಾಗಿ ನೋಡಿದೆ. ಫಂಗಸ್ ಇದ್ದರೆ ಗಾಜಿನ ಅಂಚಿನಿಂದ ಜೇಡರ ಬಲೆ ಥರ ಸಣ್ಣ ಎಳೆಗಳು ಕಾಣುತ್ತವೆ. ಇರಲಿಲ್ಲ. ನಾಲ್ಕು ಧೂಳಿನ ಕಣ ಇದ್ದವು. ಜೂಮ್ ಮಾಡಿದಾಗ ಉದ್ದಕ್ಕೆ ಚಾಚುವ ಲೆನ್ಸ್‌ನಲ್ಲಿ ಅಷ್ಟು ಇದ್ದೇ ಇರುತ್ತೆ, ಫೋಟೊದಲ್ಲಿ ಕಾಣಲ್ಲ. ಜೂಮ್ ರಿಂಗ್ 200ರಿಂದ 500ಕ್ಕೆ ತಿರುಗಿಸಿದೆ, ಮರಳು ಸಿಕ್ಕಿದ ಕರಕರ ಇಲ್ಲ. ನನ್ನದೇ ಕ್ಯಾಮೆರಾಗೆ ಹಾಕಿ ಶಟರ್ ಅರ್ಧ ಒತ್ತಿದರೆ ಕೈ ನಡುಕ ಸರಿಪಡಿಸುವ ವಿಆರ್ ಮೆಲ್ಲಗೆ ಗುಂಯ್ ಅಂದು, ನಡುಗುತ್ತಿದ್ದ ಪೆಲಿಕನ್ ತಟಸ್ಥವಾಯಿತು. ಎಫ್/5.6ನಲ್ಲೂ ಎಫ್/11ರಲ್ಲೂ ತೆಗೆದು ನೋಡಿದೆ. ಯಜಮಾನರು ವಾಚ್ ನೋಡುತ್ತಾ ನಿಂತಿದ್ದರು, ನಾನು ಅವಸರ ಮಾಡಲಿಲ್ಲ.

ಬಾಕ್ಸ್ ಮೇಲಿನ ನಂಬರ್, ಹಳೇ ಬಿಲ್ಲಿನ ನಂಬರ್, ಲೆನ್ಸ್ ಮೇಲಿನ ನಂಬರ್ ಮೂರೂ ತಾಳೆ ಆದವು. ಕದ್ದ ಮಾಲಲ್ಲ ಅನ್ನೋಕೆ ಇದಕ್ಕಿಂತ ಒಳ್ಳೆ ಆಧಾರ ಸಿಗೋದು ಕಷ್ಟ. 58 ಸಾವಿರ ಹೇಳಿದ್ದರು, ಹುಡ್ ಲೆಕ್ಕದಲ್ಲಿ 55ಕ್ಕೆ ಇಳಿದರು. ಒಂದು ಹಾಳೆಯಲ್ಲಿ ಸೀರಿಯಲ್ ನಂಬರ್, ಮೊತ್ತ, ತಾರೀಕು ಬರೆದು ಸಹಿ ಹಾಕಿಸಿಕೊಂಡೆ. ಲೆನ್ಸ್ ನನ್ನ ಬ್ಯಾಗಿಗೆ ಬಂದ ಮೇಲೆ ಅಲ್ಲೇ ನಿಂತು ಯುಪಿಐ ಮಾಡಿದೆ.

ಹುಡ್ ಇನ್ನೂ ಸಿಕ್ಕಿಲ್ಲ. ಎಚ್‌ಬಿ-71, ಮೈಸೂರಲ್ಲಿ ಯಾರ ಹತ್ತಿರವಾದರೂ ಇದ್ದರೆ ಹೇಳಿ. ಅಡ್ವಾನ್ಸ್ ಮಾತ್ರ ಕೇಳಬೇಡಿ.