14 ಸ್ಟಾಪ್ ಸೆನ್ಸರ್: ವರ್ಷಗಟ್ಟಲೆ ಬಳಸಿದ ಮೇಲೆ

ನನ್ನ ಹತ್ತಿರ ಇರುವುದು 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ. ತಗೊಂಡು ವರ್ಷಗಳೇ ಆದವು. 14 ಸ್ಟಾಪ್ ಡೈನಾಮಿಕ್ ರೇಂಜ್ (ಅತಿ ಕತ್ತಲಿನಿಂದ ಅತಿ ಪ್ರಕಾಶದವರೆಗೆ ಸೆನ್ಸರ್ ಹಿಡಿಯಬಲ್ಲ ವ್ಯಾಪ್ತಿ; ಒಂದು ಸ್ಟಾಪ್ ಮೇಲೆ ಹೋದರೆ ಬೆಳಕು ಎರಡು ಪಟ್ಟು) ಇದೆ ಅಂತ ಕಂಪನಿ ಹೇಳಿತ್ತು. ಆ ಮಾತಿನಲ್ಲಿ ಮೋಸವಿಲ್ಲ. ಕಿಟಕಿಗೆ ಬೆನ್ನು ಹಾಕಿ ಕೂತವರ ಫೋಟೊ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ನೆರಳನ್ನು 3 ಸ್ಟಾಪ್ ಎತ್ತಿದರೂ ಮುಖ ಗುರುತು ಸಿಗುತ್ತದೆ, ಕಿಟಕಿಯಾಚೆಯ ಮೋಡವೂ ಉಳಿದಿರುತ್ತದೆ. ಆದರೆ ಆ ಮುಖದ ಮೇಲೆ ಬೆಳಕು ಎಷ್ಟು ನಯವಾಗಿ ನೆರಳಿಗೆ ಇಳಿಯುತ್ತದೆ ಅನ್ನುವುದನ್ನು ಈ 14 ಹೇಳುವುದೇ ಇಲ್ಲ. ನನಗೆ ಈಗ ಅದೇ ಜಾಸ್ತಿ ಮುಖ್ಯ.

ಲೆಕ್ಕ ನೋಡಿ. 14 ಬಿಟ್ ರಾ ಫೈಲಿನಲ್ಲಿ (ಸೆನ್ಸರ್ ಕೊಟ್ಟ ಮಾಹಿತಿ ಇರುವ ಮೂಲ ಫೈಲ್) ಬೆಳಕಿನ 16,384 ಹಂತಗಳಿರುತ್ತವೆ. ಅದರಲ್ಲಿ ಅರ್ಧ, ಅಂದರೆ 8,192, ಎಲ್ಲಕ್ಕಿಂತ ಪ್ರಕಾಶವಾದ ಒಂದೇ ಸ್ಟಾಪಿಗೆ ಹೋಗುತ್ತವೆ. ಅದರ ಕೆಳಗಿನದಕ್ಕೆ 4,096. ಹೀಗೆ ಅರ್ಧ ಅರ್ಧ ಆಗುತ್ತಾ ಹತ್ತನೇ ಸ್ಟಾಪಿಗೆ ಬರುವಷ್ಟರಲ್ಲಿ ಉಳಿಯುವುದು ಬರೀ 16. ಸುಮ್ನೆ ಬಿಟ್ ಜಾಸ್ತಿ ಮಾಡಿದರೂ ಇದು ಸರಿಹೋಗುವುದಿಲ್ಲ, ಯಾಕೆಂದರೆ ಬೆಳಕಿಗೇ ತನ್ನದೊಂದು ನಾಯ್ಸ್, ಅಂದರೆ ಏರುಪೇರು, ಇದೆ. ಒಂದು ಪಿಕ್ಸೆಲ್‌ನಲ್ಲಿ ಬೆಳಕು ಬಿದ್ದು 50,000 ಎಲೆಕ್ಟ್ರಾನ್ ಸೇರಿದರೆ ಏರುಪೇರು ಸುಮಾರು 224, ಅಂದರೆ ಶೇಕಡಾ ಅರ್ಧಕ್ಕಿಂತ ಕಡಿಮೆ. 500 ಮಾತ್ರ ಸೇರಿದರೆ ಏರುಪೇರು 22, ಅಂದರೆ ಶೇಕಡಾ 4ಕ್ಕೂ ಮೇಲೆ. ಛಾಯೆ ನಯವಾಗಿ ಬರಬೇಕಾದರೆ ಬೆಳಕು ಧಾರಾಳವಾಗಿ ಬೀಳಬೇಕು, ಬೇರೆ ದಾರಿಯಿಲ್ಲ.

ಇದಕ್ಕೇ ಕ್ಯಾಮೆರಾದ ಹೈಲೈಟ್ (ಫೋಟೊದ ಅತಿ ಪ್ರಕಾಶದ ಭಾಗ) ಕಾಪಾಡುವ ಮೋಡ್ ನನಗೆ ಇಷ್ಟವಾಗಲಿಲ್ಲ. ಅದನ್ನು ಹಾಕಿದ ಕೂಡಲೇ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆಯ ಮಟ್ಟ) 100 ಸಿಗುವುದಿಲ್ಲ, 200ರಿಂದಲೇ ಶುರು. ಒಳಗೆ ನಡೆಯುವುದು ಇಷ್ಟೇ: ಸೆನ್ಸರಿಗೆ ಒಂದು ಸ್ಟಾಪ್ ಕಡಿಮೆ ಬೆಳಕು ಕೊಟ್ಟು, ನಡುವಿನ ಟೋನ್‌ಗಳನ್ನು ಆಮೇಲೆ ಎತ್ತುವುದು. ಬಿಳಿ ಅಂಗಿಯ ನೆರಿಗೆ ಉಳಿಯುತ್ತದೆ, ನಿಜ. ಆದರೆ ಅದೇ ಫೋಟೊದಲ್ಲಿ ಕೆನ್ನೆಯಿಂದ ದವಡೆಯ ಕಡೆಗೆ ಚರ್ಮದ ಬಣ್ಣ ಇಳಿಯುವ ಜಾಗ ದೊಡ್ಡದು ಮಾಡಿ ನೋಡಿ. ಅಲ್ಲಿ ಸಣ್ಣ ಒರಟುತನ ಕಾಣುತ್ತದೆ. ದೊಡ್ಡ ಪ್ರಿಂಟ್ ಹಾಕಿಸುವವರಿಗೆ ಇದು ಸಣ್ಣ ವಿಷಯವಲ್ಲ. ಈಗ ನಾನು ಐಎಸ್‌ಒ 100ರಲ್ಲೇ, ಹೈಲೈಟ್ ಸುಟ್ಟುಹೋಗದಷ್ಟು ಎಕ್ಸ್‌ಪೋಷರ್ ಕೊಟ್ಟು ತೆಗೆಯುತ್ತೇನೆ. ಪರದೆಯ ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಕ್ಯಾಮೆರಾ ತಯಾರಿಸಿದ ಜೆಪೆಗ್ ಚಿತ್ರದ್ದು. ಅದರಲ್ಲಿ ಹೈಲೈಟ್ ಸುಟ್ಟಂತೆ ಕಂಡರೂ ರಾ ಫೈಲಿನಲ್ಲಿ ಇನ್ನೂ ಸ್ವಲ್ಪ ಜಾಗ ಇರುತ್ತದೆ.

ವಿಡಿಯೊದ ಕಥೆ ಇನ್ನೂ ಬಿಗಿ. ಈ ಕ್ಯಾಮೆರಾದಲ್ಲಿ ಲಾಗ್ ಪ್ರೊಫೈಲ್ (ಕಾಂಟ್ರಾಸ್ಟ್ ತಗ್ಗಿಸಿ ಇಡೀ ವ್ಯಾಪ್ತಿಯನ್ನು ದಾಖಲಿಸುವ ಬಗೆ) ಇದೆ, ಆದರೆ ರೆಕಾರ್ಡಿಂಗ್ 8 ಬಿಟ್ ಮಾತ್ರ. 256 ಹಂತಗಳನ್ನು 14 ಸ್ಟಾಪಿಗೆ ಹಂಚಿದರೆ ಒಂದೊಂದಕ್ಕೆ ಹೆಚ್ಚೆಂದರೆ 18. ಮೋಡವಿಲ್ಲದ ಆಕಾಶ ಒಂದು ಸ್ಟಾಪಿನೊಳಗೇ ಮುಗಿದುಹೋಗುತ್ತದೆ ಅಲ್ವಾ? ಕಲರ್ ಗ್ರೇಡ್ ಮಾಡಿ, ಅಂದರೆ ಆಮೇಲೆ ಬಣ್ಣ ತಿದ್ದಿ, ಕಾಂಟ್ರಾಸ್ಟ್ ಎಳೆದ ತಕ್ಷಣ ಅಲ್ಲಿ ಪಟ್ಟಿ ಪಟ್ಟಿಯಾಗಿ ಬ್ಯಾಂಡಿಂಗ್ ಎದ್ದುಬರುತ್ತದೆ. ಫೋಟೊದಲ್ಲಾದರೆ ನಾಯ್ಸ್ ಈ ಗೆರೆಗಳನ್ನು ಮರೆಮಾಡುತ್ತದೆ. ವಿಡಿಯೊ ಕಂಪ್ರೆಷನ್ ಆ ನಾಯ್ಸನ್ನೇ ಒರೆಸಿಹಾಕುತ್ತದೆ, ಗೆರೆ ಬಯಲಾಗುತ್ತದೆ. ಹಾಗಾಗಿ ಮಂದ ಬೆಳಕಿನ ದಿನ, ಕಾಂಟ್ರಾಸ್ಟ್ ಕಡಿಮೆ ಇರುವ ಕಡೆ, ನಾನು ಲಾಗ್ ಮುಟ್ಟುವುದೇ ಇಲ್ಲ. ಮಾಮೂಲಿ ಪ್ರೊಫೈಲಿನಲ್ಲಿ ತೆಗೆದ ಆಕಾಶ ಎಷ್ಟೋ ಚೆನ್ನಾಗಿರುತ್ತದೆ.

ಸೈಲೆಂಟ್ (ಎಲೆಕ್ಟ್ರಾನಿಕ್) ಶಟರ್‌ನಲ್ಲಿ ಒಂದೇ ಸಮ ಕ್ಲಿಕ್ಕಿಸಿದರೆ ಫೈಲ್ 12 ಬಿಟ್‌ಗೆ ಇಳಿಯುತ್ತದೆ. ಐಎಸ್‌ಒ 3200ರ ಆಸುಪಾಸಿನಲ್ಲಿ ವ್ಯತ್ಯಾಸ ಕಾಣಲ್ಲ, ನಾಯ್ಸೇ ಆ ಹಂತಗಳಿಗಿಂತ ದೊಡ್ಡದಾಗಿರುತ್ತದೆ. ಐಎಸ್‌ಒ 100ರಲ್ಲಿ ನೆರಳು ಎತ್ತುವವರು ಮಾತ್ರ ಮೆಕ್ಯಾನಿಕಲ್ ಶಟರ್ ಬಳಸಿ.

ಫೋಟೊಗೆ ಈ ಕ್ಯಾಮೆರಾವನ್ನು ಧೈರ್ಯವಾಗಿ ಕೊಳ್ಳಿ ಅಂತೀನಿ. ವಿಡಿಯೊವೇ ಮುಖ್ಯವಾದರೆ 14 ಸ್ಟಾಪ್ ನೋಡಿ ತಗೋಬೇಡಿ, 10 ಬಿಟ್ ರೆಕಾರ್ಡಿಂಗ್ ಇರುವುದನ್ನು ಹುಡುಕಿ. ಅದರಲ್ಲಿ 1,024 ಹಂತ ಸಿಗುತ್ತವೆ.