ಮೈಸೂರಲ್ಲಿ ‘ಮ್ಯೂಸಿಯಂ ಇವತ್ತು ಕ್ಲೋಸು’ ಅಂದರೆ ದಯವಿಟ್ಟು ನಂಬಬೇಡಿ

ಮೈಸೂರಿಗೆ ಅರಮನೆ, ಮ್ಯೂಸಿಯಂ ನೋಡೋಕೆ ಹೊರಟಿದ್ದರೆ ಇದನ್ನು ಓದಿಯೇ ಹೋಗಿ. ಹೋದ ಭಾನುವಾರ ನಮಗೆ ಆಗಿದ್ದು ಇನ್ಯಾರಿಗೂ ಆಗಬಾರದು. ಬರೆಯೋಕೆ ನಾಚಿಕೆ ಆಗುತ್ತಿದೆ. ನಾನೇನು ದೂರದ ಊರಿನವನಲ್ಲ, ಭಾಷೆ ಬಾರದವನಲ್ಲ. ಮಂಡ್ಯದವನು. ಆಸ್ಪತ್ರೆ, ಮದುವೆ, ಬಟ್ಟೆ ಅಂತ ವರ್ಷಕ್ಕೆ ಹತ್ತು ಸಲ ಮೈಸೂರಿಗೆ ಹೋಗುತ್ತೇನೆ. ಆದರೆ ಮ್ಯೂಸಿಯಂ ನೋಡೋಕೆ ಅಂತ ಹೋಗಿದ್ದು ಇದೇ ಮೊದಲು. ಅಲ್ಲೇ ಮೋಸ ಹೋದೆ.

ಜಗನ್ಮೋಹನ ಅರಮನೆಯಲ್ಲಿರುವ ದೀಪದ ಹೆಂಗಸಿನ ಚಿತ್ರ ನೋಡಬೇಕು ಅಂತ ನಮ್ಮ ಅವ್ವನಿಗೆ ಎಷ್ಟೋ ವರ್ಷದ ಆಸೆ. ನಮ್ಮ ನಡುಮನೆಯಲ್ಲಿ ಆ ಚಿತ್ರದ ಹಳೇ ಕ್ಯಾಲೆಂಡರ್ ಇದೆ. ತಾರೀಖಿನ ಹಾಳೆಗಳೆಲ್ಲ ಹರಿದು ಹೋಗಿ ಚಿತ್ರ ಮಾತ್ರ ಉಳಿದಿದೆ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಗಾಳಿಗೆ ಅಡ್ಡ, ಬೆರಳ ಸಂದಿಯಲ್ಲಿ ಕೆಂಪಗೆ ಬೆಳಕು. ಜೊತೆಗೆ ಮಗಳಿಗೆ ಎಂಟನೇ ಕ್ಲಾಸಿನ ಪ್ರಾಜೆಕ್ಟ್. ಅವಳು ಆಗಲೇ ಅರ್ಧ ಬರೆದಿದ್ದಳು: 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿ ಮದುವೆ ಹೊತ್ತಲ್ಲಿ ಹಳೇ ಮರದ ಅರಮನೆಗೆ ಬೆಂಕಿ ಬಿತ್ತು, ಹೊಸ ಅರಮನೆ 1912ರಲ್ಲಿ ಮುಗಿಯುವವರೆಗೂ ರಾಜಮನೆತನ ಇದ್ದಿದ್ದು ಜಗನ್ಮೋಹನದಲ್ಲಿ ಅಂತ. ಆಮೇಲೆ 1915ರಲ್ಲಿ ಅದೇ ಚಿತ್ರಶಾಲೆ ಆಯಿತಂತೆ. ಆ ಹಾಳೆಯಲ್ಲಿ ಫೋಟೋ ಅಂಟಿಸೋಕೆ ಜಾಗ ಬಿಟ್ಟಿದ್ದಳು. ಆ ಜಾಗ ಇವತ್ತಿಗೂ ಖಾಲಿ ಇದೆ.

ಒಂಬತ್ತೂವರೆಗೆ ರೈಲಿಳಿದು ಹೊರಗೆ ಬಂದೆವು. ಅವ್ವ, ಹೆಂಡತಿ, ಮಗಳು, ನಾನು. ಮೊದಲು ರೈಲ್ವೆ ಮ್ಯೂಸಿಯಂ, ಆಮೇಲೆ ಜಗನ್ಮೋಹನ, ಮಧ್ಯಾಹ್ನ ದೊಡ್ಡ ಅರಮನೆ, ಸಂಜೆ ಲೈಟು ನೋಡಿಕೊಂಡು ವಾಪಸ್. ಇಷ್ಟೇ ಪ್ಲಾನು. ಒಬ್ಬ ಆಟೋದವನು ತಾನಾಗೇ ಬಂದ.

“ಯಾವೂರಣ್ಣ ನಿಮ್ದು? ಮಂಡ್ಯನಾ! ನಮ್ದೂ ಪಾಂಡವಪುರ ಕಣಣ್ಣ.”

ಅಷ್ಟಕ್ಕೇ ನಾನು ಕರಗಿಬಿಟ್ಟೆ. ಎಲ್ಲಿಗೆ ಅಂತ ಕೇಳಿದ, ಹೇಳಿದೆ. ಅವನ ಮುಖ ಸಪ್ಪಗಾಯಿತು. ನಿಜಕ್ಕೂ ನಮಗೋಸ್ಕರ ಬೇಜಾರಾದವನ ಹಾಗೆ.

“ಅಯ್ಯೋ, ರೈಲ್ವೆ ಮ್ಯೂಸಿಯಂ ಇವತ್ತು ಕ್ಲೋಸು ಅಣ್ಣ. ಜಗನ್ಮೋಹನದಲ್ಲಿ ರಿಪೇರಿ ನಡೀತೈತೆ, ಚಿತ್ರ ಎಲ್ಲ ಬೇರೆ ಮ್ಯೂಸಿಯಂಗೆ ಸಾಗಿಸವ್ರೆ. ಅರಮನೇಲಿ ಪೂಜೆ, ಎರಡು ಗಂಟೆವರೆಗೂ ಬಿಡಲ್ಲ. ಅಷ್ಟರಲ್ಲಿ ನಾನೇ ನಾಲ್ಕು ಮ್ಯೂಸಿಯಂ ತೋರಿಸ್ತೀನಿ, ನೂರು ರೂಪಾಯಿ ಕೊಡಿ ಸಾಕು. ವಯಸ್ಸಾದ ಅವ್ವ ಅವ್ರೆ, ಸುಮ್ನೆ ಯಾಕೆ ಅಲೆದಾಡುಸ್ತೀರಿ?”

ರೈಲ್ವೆ ಮ್ಯೂಸಿಯಂ ಇರುವುದು ಸ್ಟೇಷನ್ ಪಕ್ಕದಲ್ಲೇ, ಕೆಆರ್‌ಎಸ್ ರಸ್ತೆಯಲ್ಲಿ. ನಡೆದುಕೊಂಡು ಹೋಗಿ ನೋಡಬಹುದಿತ್ತು. ಮಗಳು ಹೇಳಿದಳು ಕೂಡ, “ಅಪ್ಪಾ, ಒಂದ್ಸಲ ನೋಡ್ಕೊಂಡು ಬರೋಣ” ಅಂತ. 1899ರ ಮಹಾರಾಣಿಯವರ ರೈಲು ಡಬ್ಬಿ ಅಲ್ಲಿದೆ ಅಂತ ಅವಳಿಗೆ ಆಸೆ. “ಅಣ್ಣ ಹೇಳ್ತಿದ್ದಾರಲ್ಲ, ಸುಮ್ನಿರು” ಅಂತ ಮಗುವನ್ನೇ ಗದರಿಸಿದೆ. ಆ ಮಾತು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ನಾಲ್ಕು ಜನಕ್ಕೆ ಅರ್ಧ ದಿನ ನೂರು ರೂಪಾಯಿಗೆ ಯಾವ ಆಟೋ ಬರುತ್ತದೆ ಹೇಳಿ? ಅದೂ ನನಗೆ ಹೊಳೆಯಲಿಲ್ಲ.

ಮೊದಲು ಕರೆದುಕೊಂಡು ಹೋಗಿದ್ದು ‘ಗಂಧದ ಮ್ಯೂಸಿಯಂ’. ಒಬ್ಬ ಹೆಂಗಸು ಅಗರಬತ್ತಿ ಹೊಸೆಯುತ್ತಿದ್ದರು, ಹಿಂದೆ ಎಣ್ಣೆ ಅಂಗಡಿ. ಏನೂ ಕೊಳ್ಳದೆ ಬಂದೆವು. ಎರಡನೆಯದು ‘ರೇಷ್ಮೆ ಮ್ಯೂಸಿಯಂ’. ಒಂದು ಹಳೇ ಮಗ್ಗ, ಮಿಕ್ಕಿದ್ದೆಲ್ಲ ಸೀರೆ. ನನ್ನ ಹೆಂಡತಿ ಅಲ್ಲಿ ಗಟ್ಟಿಯಾಗಿ ನಿಂತಳು. ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿಯ ಸೀರೆಯಲ್ಲಿ ಅದರದೇ ನಂಬರು ಇರುತ್ತದೆ, ಅವರಮ್ಮನ ಸೀರೆಯಲ್ಲಿ ನೋಡಿದ್ದಾಳೆ. “ನಂಬರ್ ಎಲ್ಲಿ?” ಅಂದಳು. “ಇದು ಎಕ್ಸ್‌ಪೋರ್ಟ್ ಮಾಲು ಮೇಡಂ, ನಂಬರ್ ಹಾಕಲ್ಲ” ಅಂದರು. ಅವಳು ಎದ್ದು ಹೊರಗೆ ಬಂದಳು. ಅಲ್ಲಿಂದಲೇ ವಾಪಸ್ ಹೋಗಬೇಕಿತ್ತು. ಹೋಗಲಿಲ್ಲ.

ಮೂರನೆಯದು. ಬೋರ್ಡಿನಲ್ಲಿ ‘ಆರ್ಟ್ ಮ್ಯೂಸಿಯಂ’ ಅಂತ ದೊಡ್ಡಕ್ಷರ, ಕೆಳಗೆ ಎಂಪೋರಿಯಂ ಅಂತ ಸಣ್ಣದಾಗಿ. ಬಾಗಿಲಲ್ಲಿ ತಲೆಗೆ ಇಪ್ಪತ್ತು ರೂಪಾಯಿ ಟಿಕೆಟ್. ಟಿಕೆಟ್ ಕೊಟ್ಟರಲ್ಲ, ಮ್ಯೂಸಿಯಂ ಅಂತಲೇ ಅಂದುಕೊಂಡೆವು. ಒಳಗಿದ್ದವನು ತುಂಬಾ ಮರ್ಯಾದೆಯಿಂದ ಮಾತಾಡಿದ. ಅವ್ವನಿಗೆ ಕುರ್ಚಿ, ನೀರು. ಆಮೇಲೆ ಒಂದು ಸಣ್ಣ ಕೋಣೆಗೆ ಕರೆದುಕೊಂಡು ಹೋಗಿ, ಪರದೆ ಎಳೆದು, ಲೈಟು ಆರಿಸಿದ. ಕತ್ತಲು. ಗೋಡೆಯ ಮೇಲೆ ದೀಪದ ಹೆಂಗಸು ಬೆಳಗಿದಳು. “ರವಿವರ್ಮ ಬರೆದಿದ್ದು ಅಮ್ಮಾ, ಜಗನ್ಮೋಹನದಿಂದ ಬಂದಿದೆ” ಅಂದ.

ಅವ್ವ ಕೈ ಮುಗಿದಳು. ಕಣ್ಣಲ್ಲಿ ನೀರು. “ಬದುಕಿರೋವಾಗ್ಲೇ ನೋಡ್ದೆ ಕಣ್ಲಾ ಮಗಾ” ಅಂದಳು ನನಗೆ.

ಆ ಚಿತ್ರದ ಹಿಂದೆ ಬಲ್ಬ್ ಇತ್ತು. ಪ್ಲಾಸ್ಟಿಕ್ ಹಾಳೆಯ ಮೇಲೆ ಪ್ರಿಂಟು, ಹಿಂದಿನಿಂದ ಬಲ್ಬ್. ಅದು ಆಗ ನಮಗೆ ಗೊತ್ತಾಗಲಿಲ್ಲ. ನನ್ನ ತಾಯಿ ಒಂದು ಬಲ್ಬಿಗೆ ಕೈ ಮುಗಿಯೋ ಹಾಗೆ ಮಾಡಿದರು. ದುಡ್ಡಿನ ವಿಷಯ ಆಮೇಲೆ, ಇದನ್ನು ಮಾತ್ರ ನಾನು ಮರೆಯುವುದಿಲ್ಲ.

ಅವ್ವನ ಮನಸ್ಸು ಮೆತ್ತಗಾಗಿದ್ದ ಹೊತ್ತಲ್ಲೇ ಗಜಲಕ್ಷ್ಮಿ ಪಟ ತಂದು ಮುಂದಿಟ್ಟ. ಮೈಸೂರು ಶೈಲಿ ಅಂದ. ತಂಜಾವೂರಿನದು ದಪ್ಪ ಉಬ್ಬು, ಕಲ್ಲು ಜಾಸ್ತಿ. ನಮ್ಮದು ತೆಳುವಾದ ಉಬ್ಬು, ಮೇಲೆ ಚಿನ್ನದ ರೇಕು ಅಂಟಿಸುತ್ತಾರೆ, ಗೆರೆ ನಾಜೂಕು ಅಂತೆಲ್ಲ ವಿವರಿಸಿದ. ಈ ಮಾತೆಲ್ಲ ನಿಜವೇ. ಮೈಸೂರು ಶೈಲಿ ಇರುವುದೇ ಹಾಗೆ. ಇವನು ಮಾರಿದ್ದು ಮಾತ್ರ ಅದಲ್ಲ. ಹದಿನಾಲ್ಕು ಸಾವಿರ ಅಂದವನು “ಊರಿನವರು ಕಳಿಸಿದ್ದಾರೆ” ಅಂತ 6,800ಕ್ಕೆ ಇಳಿಸಿದ. ಅವ್ವ ಎಲೆಯಡಿಕೆ ಸಂಚಿ ಬಿಚ್ಚಿ, ನಾಲ್ಕಾಗಿ ಮಡಿಚಿದ್ದ ಐನೂರರ ನಾಲ್ಕು ನೋಟು ತೆಗೆದಳು. “ನಂದೂ ಇರ್ಲಿ, ಲಕ್ಷ್ಮಿ ಅಲ್ವಾ” ಅಂದಳು. ಉಳಿದಿದ್ದನ್ನು ನಾನು ಫೋನಲ್ಲಿ ಕಳಿಸಿದೆ.

ಊಟಕ್ಕೆ ಅಂತ ಒಂದು ಹೋಟೆಲ್ ಮುಂದೆ ಇಳಿಸಿ, “ಗ್ಯಾಸ್ ಹಾಕುಸ್ಕೊಂಡು ಬತ್ತೀನಣ್ಣ” ಅಂತ ಹೋದವನು ಬರಲೇ ಇಲ್ಲ. ನೂರು ರೂಪಾಯಿಯನ್ನೂ ಕೇಳಲಿಲ್ಲ. ಆಗ ನನಗೆ ಎದೆ ಧಸಕ್ಕೆಂದಿತು. ಬಾಡಿಗೆ ಬಿಟ್ಟು ಹೋಗುವ ಆಟೋದವನು ಎಲ್ಲಾದರೂ ಇದ್ದಾನಾ? ಅವನ ದುಡ್ಡು ಅವನಿಗೆ ಬೇರೆ ಕಡೆ ಸಿಕ್ಕಿತ್ತು.

ಕಾದು ಕಾದು ಸಾಕಾಗಿ, ಇನ್ನೊಂದು ಆಟೋ ಹಿಡಿದು ಜಗನ್ಮೋಹನಕ್ಕೆ ಹೋದಾಗ ಐದು ದಾಟಿತ್ತು. ಜನ ಒಳಗಿಂದ ಹೊರಗೆ ಬರುತ್ತಿದ್ದರು. ರಿಪೇರಿ ನಡೀತಿದೆಯಂತಲ್ಲ ಅಂತ ಗೇಟಿನ ವಾಚ್‌ಮನ್‌ರನ್ನು ಕೇಳಿದೆ. “ಬೆಳಿಗ್ಗೆಯಿಂದ ತೆಗೆದೇ ಇದೆಯಲ್ಲ ಸಾರ್. ಈಗ ಟಿಕೆಟ್ ನಿಲ್ಸಿದ್ದಾರೆ, ನಾಳೆ ಬನ್ನಿ.” ದೀಪದ ಹೆಂಗಸು ಬೇರೆ ಮ್ಯೂಸಿಯಂಗೆ ಹೋಗಿದೆಯಂತೆ ಅಂದೆ. ಅವರು ನನ್ನನ್ನೇ ನೋಡಿದರು. “ಎಲ್ಲೂ ಹೋಗಿಲ್ಲ, ಮೇಲಿದೆ. ರವಿವರ್ಮಂದು ಅಂತ ಹೇಳಿದ್ರಾ? ಎಲ್ಲರೂ ಹಂಗೇ ಅಂತಾರೆ. ಅದು ಹಲ್ದಣ್‌ಕರ್ ಅವರದು ಸಾರ್.” ಮನೆಗೆ ಬಂದು ಓದಿದ ಮೇಲೆ ಪೂರ್ತಿ ಗೊತ್ತಾಯಿತು. ಎಸ್. ಎಲ್. ಹಲ್ದಣ್‌ಕರ್ ಬರೆದ ಜಲವರ್ಣದ ಚಿತ್ರ, ದೀಪ ಹಿಡಿದು ನಿಂತಿದ್ದು ಅವರ ಮಗಳೇ. ರವಿವರ್ಮರ ಚಿತ್ರಗಳೂ ಅದೇ ಚಿತ್ರಶಾಲೆಯಲ್ಲಿರುವುದರಿಂದ ಜನ ಇದನ್ನೂ ಅವರದೇ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ. ಆ ಒಂದು ವಿಷಯ ಮೊದಲೇ ಗೊತ್ತಿದ್ದಿದ್ದರೆ ಅವನು ಬಾಯಿ ಬಿಟ್ಟಾಗಲೇ ಹಿಡಿಯುತ್ತಿದ್ದೆ.

ಅವ್ವ ಗೇಟಿನ ಹತ್ತಿರ ಕಟ್ಟೆಯ ಮೇಲೆ ಪಟ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. “ನಾನು ನೋಡಿದ್ದು ಏನು ಹಂಗಾರೆ?” ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೂರನೇ ದಿನ ಪಟಕ್ಕೆ ಕುಂಕುಮ ಇಡೋಕೆ ಅಂತ ಅವ್ವ ಒದ್ದೆ ಬಟ್ಟೆಯಲ್ಲಿ ಅಂಚು ಒರೆಸಿದಳು. ಬಟ್ಟೆಗೆ ಹಳದಿ ಬಂತು. ಕಿರೀಟದ ‘ಚಿನ್ನ’ ಪುಡಿಯಾಗಿ ಬೆರಳಿಗೆ ಅಂಟಿತು. ಮಗಳು ಫೋನಿನ ಕ್ಯಾಮೆರಾ ದೊಡ್ಡದು ಮಾಡಿ ತೋರಿಸಿದಳು. ಲಕ್ಷ್ಮಿಯ ಮುಖದಲ್ಲೆಲ್ಲ ಪೇಪರ್ ಫೋಟೋದಲ್ಲಿ ಇರುತ್ತಲ್ಲ, ಆ ಥರ ಚುಕ್ಕಿ ಚುಕ್ಕಿ. ಪ್ರಿಂಟು.

ಅಂಗಡಿಗೆ ಫೋನ್ ಮಾಡಿದೆ. ಅವರ ಮಾತು ಹಾಗೇ ಬರೆಯುತ್ತೇನೆ. “ಒದ್ದೆ ಬಟ್ಟೆ ಯಾಕೆ ಹಾಕಿದ್ರಿ ಸಾರ್?” ಅನ್ನೋದು ಮೊದಲು. ಆಮೇಲೆ “ಕೈಯಲ್ಲಿ ಬರೆದಿದ್ದು ಅಂತ ಚೀಟಿಯಲ್ಲಿ ಎಲ್ಲಿದೆ?” ಚೀಟಿ ನೋಡಿದೆ. ಅದು ಬಿಲ್ಲೇ ಅಲ್ಲ, ‘ಎಸ್ಟಿಮೇಟ್’. ಅಂಗಡಿಯ ಹೆಸರಿಲ್ಲ, ಜಿಎಸ್‌ಟಿ ನಂಬರಿಲ್ಲ. ‘ಡೆಕೊರೇಟಿವ್ ಐಟಂ 1’ ಅಂತ ಇದೆ, ಕೆಳಗೆ ‘ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ’. ಮ್ಯೂಸಿಯಂ ಅಂತ ಯಾಕೆ ಬೋರ್ಡ್ ಹಾಕಿದ್ದೀರಿ ಅಂದೆ. “ಅದು ನಮ್ಮ ಅಂಗಡಿ ಹೆಸರು ಸಾರ್.” ರವಿವರ್ಮ ಅಂತ ಸುಳ್ಳು ಯಾಕೆ ಹೇಳಿದಿರಿ ಅಂದೆ. “ನಾನು ಹಾಗೆ ಹೇಳೇ ಇಲ್ಲ. ನೀವು ಆಟೋದವರನ್ನ ಕೇಳಿ.” ಆಟೋದವನ ನಂಬರೇ ನನ್ನ ಹತ್ತಿರ ಇಲ್ಲ. ಗಾಡಿ ನಂಬರ್ ಕೂಡ ನೋಡಿಕೊಂಡಿರಲಿಲ್ಲ, ಊರಿನವನು ಅಂತ.

ಗ್ರಾಹಕರ ಸಹಾಯವಾಣಿ 1915 ಇದೆ. ಅಲ್ಲಿ ದೂರು ಕೊಡಬೇಕಾದರೆ ಕೈಯಲ್ಲಿ ಸರಿಯಾದ ಬಿಲ್ ಇರಬೇಕಲ್ಲ? ನನ್ನ ಹತ್ತಿರ ಈ ಚೀಟಿ, ಫೋನಲ್ಲಿ ದುಡ್ಡು ಹೋಗಿದ್ದಕ್ಕೆ ದಾಖಲೆ ಇಷ್ಟೇ. ಅದನ್ನೇ ಹಾಕಿ ದೂರು ಕೊಡುತ್ತಿದ್ದೇನೆ. ಅವ್ವನ ಎರಡು ಸಾವಿರಕ್ಕೆ ಅದೂ ಇಲ್ಲ.

ನೀವು ಹೋಗುವಾಗ ಮುಚ್ಚಿದೆಯಾ ತೆಗೆದಿದೆಯಾ ಅಂತ ಆ ಮ್ಯೂಸಿಯಂನ ಗೇಟಿನಲ್ಲೇ ಕೇಳಿ. ದಾರಿಯಲ್ಲಿ ಯಾರು ಎಷ್ಟೇ ಪ್ರೀತಿಯಿಂದ ಹೇಳಿದರೂ ಬೇಡ, ಯಾವ ತಾಲ್ಲೂಕಿನವರಾದರೂ ಬೇಡ. ಮೀಟರ್ ಹಾಕಿಸಿ, ಗಾಡಿ ನಂಬರಿನ ಫೋಟೋ ತೆಗೆದುಕೊಳ್ಳಿ. ಮೈಸೂರು ಶೈಲಿ ಚಿತ್ರ ಬೇಕಿದ್ದರೆ ಸರ್ಕಾರದ ಕಾವೇರಿ ಎಂಪೋರಿಯಂಗೆ ಹೋಗಿ, ಬಿಲ್ಲಿನಲ್ಲಿ ಏನು ಬರೆದಿದ್ದಾರೆ ಅಂತ ಅಲ್ಲೇ ನಿಂತು ಓದಿ. ಮಕ್ಕಳು ಏನಾದರೂ ಹೇಳಿದರೆ ಗದರಿಸಬೇಡಿ.

ಮಗಳ ಪ್ರಾಜೆಕ್ಟ್ ಕೊಡೋಕೆ ಇನ್ನೂ ಹತ್ತು ದಿನ ಇದೆ. ಮುಂದಿನ ಭಾನುವಾರ ಮತ್ತೆ ಹೋಗುತ್ತಿದ್ದೇವೆ. ಅವ್ವ “ನಾ ಬರಲ್ಲ ಬುಡ್ಲಾ, ಮಂಡಿ ನೋವು” ಅನ್ನುತ್ತಿದ್ದಾಳೆ. ಮಂಡಿ ನೋವಿಗಲ್ಲ ಅಂತ ನನಗೆ ಗೊತ್ತು.